ಬಾಗಿಲು ಬಿಚ್ಚದೆ ಹೋದ ಊರು

ತಂಗಿಯ ಮಗಳು ಈ ಸಲ ಹೋಳಿಗೆ ಊರಿಗೆ ಬಂದಿದ್ದಳು. ಇರುವುದು ಕ್ಯಾಲಿಫೋರ್ನಿಯಾದಲ್ಲಾದರೂ ಬಾಗಲಕೋಟೆಯ ಬಣ್ಣದ ಬಂಡಿ ಬಿಟ್ಟಿರಲಾರದ ಜೀವ. ಬಣ್ಣವೆಲ್ಲ ತೊಳೆದುಕೊಂಡ ಮೇಲೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಹೋದ ಬೇಸಿಗೆಯಲ್ಲಿ ನೋಡಿಬಂದ ಒಂದು ಊರಿನ ಫೋಟೊಗಳನ್ನು ಅವ್ವನಿಗೆ ತೋರಿಸತೊಡಗಿದಳು. ಬೋಡಿ ಅಂತ ಆ ಊರಿನ ಹೆಸರು. ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವದ ಮಗ್ಗುಲಿಗೆ, ಸುಮಾರು 2,550 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಆರುನೂರು ಮೀಟರ್ ಮೇಲೆ. ಒಂದು ಕಾಲಕ್ಕೆ ಚಿನ್ನದ ಗಣಿಯ ಊರು. ಈಗ ಅಲ್ಲಿ ಕಾವಲಿನವರನ್ನು ಬಿಟ್ಟರೆ ಯಾರೂ ವಾಸವಿಲ್ಲ.

ಎಂಬತ್ತು ದಾಟಿದ ಅವ್ವ ಕನ್ನಡಕ ಏರಿಸಿಕೊಂಡು ಒಂದೊಂದೇ ಫೋಟೊ ನೋಡಿದಳು. ಬಿಸಿಲಿಗೆ ಬೆಂದು ಬೆಲ್ಲದ ಬಣ್ಣಕ್ಕೆ ತಿರುಗಿದ ಕಟ್ಟಿಗೆಯ ಮನೆಗಳು. ಅಂಗಡಿಯ ಮಾಡಗಳಲ್ಲಿ ಸಾಲಾಗಿ ಡಬ್ಬಿಗಳು. ಶಾಲೆಯ ಕಿಟಕಿಯ ಆಚೆ ಬೆಂಚು, ಪುಸ್ತಕ, ಒಂದು ಗೋಳ. (ಮೂವತ್ತು ವರ್ಷ ಭೂಗೋಳ ಕಲಿಸಿದ ನನ್ನ ಕಣ್ಣು ಅಲ್ಲೇ ನಿಂತಿತು.) ಒಂದು ಮನೆಯ ಮೇಜಿನ ಮೇಲೆ ಧೂಳು ಹಿಡಿದ ತಾಟು, ಬಟ್ಟಲು.

ಅವ್ವ ಫೋನಿನಿಂದ ತಲೆ ಎತ್ತಿ ನನ್ನನ್ನು ಕೇಳಿದಳು: "ಅಲ್ಲೋ ತಮ್ಮಾ, ಬಾಗಲಾ ಸೈತ ಬಿಚ್ಚಿಲ್ಲಲ್ಲೋ ಇವರು! ಇಷ್ಟೆಲ್ಲಾ ಬಿಟ್ಟು ಯಾಕ ಹೋದ್ರು?"

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮೊದಲು ಹಳೇ ಬಾಗಲಕೋಟೆಯ ಮನೆಯಿಂದ ಸಾಗವಾನಿ ಬಾಗಿಲು, ಕಂಬ, ಜಂತಿ, ಗೋಡೆಯ ಗೂಟ, ಹಿತ್ತಲಿನ ಒಗೆಯುವ ಕಲ್ಲು ಎಲ್ಲವನ್ನೂ ನಿಂತು ಬಿಚ್ಚಿಸಿ ಟ್ರ್ಯಾಕ್ಟರಿಗೆ ಹೇರಿಸಿದವಳು ಅವಳು. ಅವಳಿಗೆ ಇದು ಕುತೂಹಲದ ಪ್ರಶ್ನೆಯಲ್ಲ, ವ್ಯವಹಾರದ ಪ್ರಶ್ನೆ. ಯೋಚಿಸಿದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಊರು ಯಾಕೆ ಬಿಟ್ಟರು, ಬಿಡುವಾಗ ಸಾಮಾನು ಯಾಕೆ ಬಿಟ್ಟರು. ಎರಡಕ್ಕೂ ಉತ್ತರ ಬೇರೆ ಬೇರೆ.

ಇಂಥ ಊರಿಗೆ ಇಂಗ್ಲಿಷಿನವರು ಕೊಟ್ಟ 'ಘೋಸ್ಟ್ ಟೌನ್' ಎಂಬ ಹೆಸರನ್ನು ಕನ್ನಡಕ್ಕೆ ತಂದರೆ ದೆವ್ವದ ಕಥೆಯಾಗುತ್ತದೆ. ನಮ್ಮ ಕಂದಾಯ ದಫ್ತರಿನಲ್ಲಿ ಅದಕ್ಕಿಂತ ಒಳ್ಳೆಯ ಮಾತಿದೆ: ಬೇಚರಾಕ್. ಜನವಸತಿ ಇಲ್ಲದ ಗ್ರಾಮಕ್ಕೆ ಈಗಲೂ ಹಾಗೆಯೇ ಬರೆಯುತ್ತಾರೆ. ಪಾರ್ಸಿಯಿಂದ ಬಂದ ಪದ. ಚಿರಾಗ್ ಇಲ್ಲದ್ದು, ಅಂದರೆ ದೀಪ ಹಚ್ಚುವವರಿಲ್ಲದ ಊರು. ಬೋಡಿಯೂ ಒಂದು ಬೇಚರಾಕ್ ಗ್ರಾಮವೇ, ಆದರೆ ಅಲ್ಲಿಯ ದೀಪ ಒಂದೇ ರಾತ್ರಿ ಆರಿದ್ದಲ್ಲ. ಅರವತ್ತು ವರ್ಷ ಹಿಡಿಯಿತು.

ಮೊದಲು ಚಿನ್ನ ಅಲ್ಲಿಗೆ ಬಂದ ಬಗೆ ತಿಳಿಯಬೇಕು. ನೆಲದ ಆಳದಲ್ಲಿ ಕುದಿಯುವ ನೀರು ಬಂಡೆಯ ಬಿರುಕುಗಳಲ್ಲಿ ಮೇಲೇರುತ್ತದೆ. ಬರಿಯ ನೀರಲ್ಲ ಅದು, ಸಿಲಿಕ, ಗಂಧಕ, ಅಣುವಿನಷ್ಟು ಚಿನ್ನ, ಬೆಳ್ಳಿ ಎಲ್ಲವನ್ನೂ ಕರಗಿಸಿಕೊಂಡ ನೀರು. ಮೇಲೆ ಬಂದಂತೆ ಆರುತ್ತದೆ, ಒತ್ತಡ ಇಳಿಯುತ್ತದೆ, ಹೊತ್ತು ತಂದದ್ದನ್ನು ಬಿರುಕಿನ ಗೋಡೆಗೆ ಮೆತ್ತುತ್ತದೆ. ಗೀಸರಿನ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುವುದನ್ನು ಬೋರ್‌ವೆಲ್ ನೀರು ಕುಡಿಯುವ ನಮಗೆ ಬೇರೆ ಹೇಳಬೇಕಿಲ್ಲ. ಅಂಥ ಪದರಗಳು ಬಿರುಕನ್ನೇ ತುಂಬಿದರೆ ಬಿಳಿ ಬೆಣಚುಕಲ್ಲಿನ ಎಳೆಯೊಂದು ಬಂಡೆಯೊಳಗೆ ಸಿಕ್ಕಿಕೊಂಡಂತಾಗುತ್ತದೆ. ಚಿನ್ನ ಇರುವುದು ಆ ಎಳೆಯಲ್ಲಿ, ಅದೂ ಎಲ್ಲ ಕಡೆ ಅಲ್ಲ. ಬೋಡಿಯ ಎಳೆಗಳು ಜ್ವಾಲಾಮುಖಿಯ ಬಂಡೆಗಳಲ್ಲಿ ಹುಟ್ಟಿದವು, ಸುಮಾರು 80 ಲಕ್ಷ ವರ್ಷ ಹಳೆಯವು. ನಮ್ಮ ಕೋಲಾರ, ಹಟ್ಟಿ, ಗದಗಿನ ಕಪ್ಪತಗುಡ್ಡದ ಬಂಡೆಗಳ ಮುಂದೆ ಅವು ನಿನ್ನೆ ಮೊನ್ನೆಯ ಕೂಸು. ನಮ್ಮವಕ್ಕೆ 250 ಕೋಟಿ ವರ್ಷ ದಾಟಿದೆ. ಬಾಗಲಕೋಟೆಯ ಸುತ್ತ ಕಾಣುವ ಕಲಾದಗಿ ಸಾಲಿನ ಮರಳುಗಲ್ಲು, ಸುಣ್ಣಗಲ್ಲು ಆ ಹಳೆಯ ಬಂಡೆಗಳ ಮೇಲೆ ಎಷ್ಟೋ ಕಾಲದ ನಂತರ ನೀರಿನಡಿ ಹಾಸಿಕೊಂಡವು. ಅದಕ್ಕೇ ನಮಗೆ ಸಿಕ್ಕಿದ್ದು ಸಿಮೆಂಟು, ಅವರಿಗೆ ಸಿಕ್ಕಿದ್ದು ಬಂಗಾರ.

ಎಳೆಯ ಮೇಲ್ತುದಿ ಮಳೆಗೆ ಸವೆದರೆ ಚಿನ್ನದ ಕಣ ಹಳ್ಳಕ್ಕೆ ಹರಿದುಬರುತ್ತದೆ. ಹಳ್ಳದ ಮರಳನ್ನು ಮರಿಗೆಯಲ್ಲಿ ತೂರಾಡಿಸಿ ತೊಳೆದು ಆ ಕಣ ಹಿಡಿಯುವ ಕಸುಬಿನವರು ನಮ್ಮಲ್ಲೂ ಇದ್ದರು. ಅವರು ಜಲಗಾರರು. ಕಪ್ಪತಗುಡ್ಡದ ಕೆಳಗಿನ ಹಳ್ಳಗಳಲ್ಲಿ ಮಳೆಗಾಲ ಕಳೆದ ಮೇಲೆ ಅವರ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 1848ರ ಜನವರಿಯಲ್ಲಿ ಚಿನ್ನ ಕಂಡಾಗ ಜಗತ್ತಿನ ಮೂಲೆಮೂಲೆಯಿಂದ ಓಡಿಬಂದವರು ಮಾಡಿದ್ದೂ ಇದೇ ಜಲಗಾರಿಕೆ. ಇದಕ್ಕೆ ಬಂಡವಾಳ ಬೇಡ, ಬೆನ್ನುಮೂಳೆ ಗಟ್ಟಿ ಇದ್ದರೆ ಸಾಕು. 1859ರಲ್ಲಿ ಡಬ್ಲ್ಯು. ಎಸ್. ಬೋಡಿ ಎಂಬವನು ಈ ಗುಡ್ಡದಲ್ಲಿ ಚಿನ್ನ ಕಂಡ. ಅದೇ ಚಳಿಗಾಲದಲ್ಲಿ ಸಾಮಾನು ತರಲು ಹೋಗಿ ಹಿಮಗಾಳಿಗೆ ಸಿಕ್ಕು ಸತ್ತ. ಊರು ಅವನ ಹೆಸರು ಇಟ್ಟುಕೊಂಡಿತು, ಆದರೆ ಕಾಗುಣಿತ ಬದಲಾಯಿಸಿತು. ಬೋರ್ಡು ಬರೆದವನ ಕೈಚಳಕ ಅಂತ ಹೇಳುತ್ತಾರೆ. "ಬೋಡಿ ಅಂತ ಹೆಸರಿಟ್ಟು, ಗುಡ್ಡದ ಮ್ಯಾಗ ಒಂದ ಗಿಡಾನೂ ಇಲ್ಲ, ಸರೀನ ಐತಿ" ಎಂದು ಅವ್ವ ನಕ್ಕಳು. ಬೋಳುತಲೆಯಂಥ ಆ ಗುಡ್ಡದಲ್ಲಿ ಮರವಿಲ್ಲ ಎಂಬುದನ್ನು ಅವಳು ಗಮನಿಸಿದ್ದು ಒಳ್ಳೆಯದಾಯಿತು. ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಹಳ್ಳದ ಚಿನ್ನ ಬೇಗ ಮುಗಿಯುತ್ತದೆ. ಎಳೆಯ ಹಿಂದೆ ಬಂಡೆಯೊಳಕ್ಕೆ ಹೋಗುವುದು ಒಬ್ಬಿಬ್ಬರ ಕೆಲಸವಲ್ಲ, ಕಂಪನಿಯ ಕೆಲಸ. ಬೋಡಿಯಲ್ಲಿ ಹದಿನೈದಿಪ್ಪತ್ತು ವರ್ಷ ಏನೂ ದೊಡ್ಡದಾಗಿ ಆಗಲಿಲ್ಲ. 1870ರ ದಶಕದ ನಡುವೆ ಒಂದು ಸುರಂಗ ಕುಸಿದು, ಹಿಂದೆ ಅಡಗಿದ್ದ ಸಮೃದ್ಧ ಎಳೆ ಬಯಲಿಗೆ ಬಿತ್ತು. ಸ್ಟ್ಯಾಂಡರ್ಡ್ ಎಂಬ ಕಂಪನಿ ಕೊಂಡುಕೊಂಡಿತು. 1880ರ ಹೊತ್ತಿಗೆ ಸಾವಿರಾರು ಜನ, ಒಂದು ಮೈಲಿ ಉದ್ದದ ಬೀದಿ, ಹತ್ತಾರು ಸಾರಾಯಿ ಅಂಗಡಿ, ಪತ್ರಿಕೆಗಳು, ಬ್ಯಾಂಕು, ಚೀನೀಯರದೇ ಒಂದು ಓಣಿ. ಕೊಲೆ, ಬಡಿದಾಟಕ್ಕೂ ಹೆಸರುವಾಸಿ. ಆ ಕಥೆಗಳನ್ನು ಹೇಳುವವರು ಬೇಕಾದಷ್ಟಿದ್ದಾರೆ, ನಾನು ಬಿಡುತ್ತೇನೆ.

ಬಂಡೆಯಿಂದ ಚಿನ್ನ ಬಿಡಿಸುವುದು ಅಡುಗೆಮನೆಯ ಕೆಲಸವನ್ನೇ ರಾಕ್ಷಸರು ಮಾಡಿದ ಹಾಗೆ. ಮೊದಲು ಕುಟ್ಟುವುದು. ಸಾಲಾಗಿ ನಿಲ್ಲಿಸಿದ ಕಬ್ಬಿಣದ ಭಾರೀ ಒನಕೆಗಳನ್ನು ಯಂತ್ರ ಎತ್ತೆತ್ತಿ ಹಾಕುತ್ತದೆ, ಕಲ್ಲು ರವೆಯಾಗುತ್ತದೆ. ಸ್ಟ್ಯಾಂಡರ್ಡ್ ಗಿರಣಿಯಲ್ಲಿ ಇಂಥ 20 ಒನಕೆಗಳು ಹಗಲೂ ರಾತ್ರಿ ಬೀಳುತ್ತಿದ್ದವು. ಹಿಟ್ಟಿನ ಗಿರಣಿಯ ಪಕ್ಕ ಮನೆ ಮಾಡಿದವರಿಗೆ ಗೊತ್ತು, ಸದ್ದು ನಿಂತಾಗಲೇ ಎಚ್ಚರವಾಗುತ್ತದೆ. ಕುಟ್ಟಿದ ರವೆಯನ್ನು ನೀರಿನಲ್ಲಿ ಕದಡಿ, ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸುತ್ತಾರೆ. ಪಾದರಸಕ್ಕೆ ಚಿನ್ನ ಕಂಡರೆ ಬಿಡದ ಮೋಹ. ಕಣಗಳನ್ನು ಹಿಡಿದು ಬೆಣ್ಣೆಯಂಥ ಮುದ್ದೆಯಾಗುತ್ತದೆ. ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಆವಿ ಉಸಿರಾಡಿದವನ ನರಗಳಿಗೆ ಏನಾಗುತ್ತದೆ ಎಂಬುದನ್ನು ಯಾವ ಸರಾಫ ಕಟ್ಟೆಯ ಹಿರಿಯ ಪತ್ತಾರನನ್ನಾದರೂ ಕೇಳಿ.

ಪಾದರಸಕ್ಕೆ ಸಿಗದ ನುಣ್ಣನೆಯ ಚಿನ್ನ ಕೊಚ್ಚೆಯ ಜೊತೆ ಹೊರಗೆ ಹೋಗುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಸೈನೈಡಿನ ದಾರಿ ಸಿಕ್ಕಿತು. ತೆಳುವಾದ ಸೈನೈಡ್ ನೀರಿನಲ್ಲಿ ಚಿನ್ನ ಸಕ್ಕರೆಯಂತೆ ಕರಗುತ್ತದೆ. ಆ ನೀರಿಗೆ ಸತು ಹಾಕಿದರೆ ಚಿನ್ನ ಮತ್ತೆ ತಳಕ್ಕಿಳಿಯುತ್ತದೆ. 1890ರ ದಶಕದಲ್ಲಿ ಇದು ಬೋಡಿಗೂ ಬಂತು, ಎಸೆದ ಕೊಚ್ಚೆಯೇ ಮತ್ತೆ ಗಣಿಯಾಯಿತು. ಕೋಲಾರದ ಕೆಜಿಎಫ್‌ನಲ್ಲಿ ರೈಲಿನಿಂದ ಇಳಿದವರಿಗೆ ಮೊದಲು ಕಾಣುವ ಬೂದು ಗುಡ್ಡಗಳು ಇದೇ ಕೆಲಸದ ಉಳಿಕೆ. ಅಲ್ಲಿಯ ಜನ ಅವನ್ನು ಸೈನೈಡ್ ಗುಡ್ಡ ಅಂತಲೇ ಕರೆಯುತ್ತಾರೆ.

ಇನ್ನು ಊರು ಯಾಕೆ ಬಿಟ್ಟರು ಎಂಬುದು. ಚಿನ್ನ ಮುಗಿಯಿತು, ಹೋದರು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಬಂಡೆಯೊಳಗಿನ ಚಿನ್ನ ಯಾವ ಗಣಿಯಲ್ಲೂ ಪೂರ್ತಿ ಮುಗಿಯುವುದಿಲ್ಲ. ಮುಗಿಯುವುದು ಲೆಕ್ಕ.

ಬಾಗಲಕೋಟೆಯವರಿಗೆ ಅಂಕಿಯೊಂದು ಊರಿನ ಹಣೆಬರಹ ಬರೆಯುವುದು ಹೊಸದಲ್ಲ. 519.6 ಅಂದರೆ ನಮ್ಮಲ್ಲಿ ಶಾಲೆಯ ಹುಡುಗರಿಗೂ ಗೊತ್ತು, ಆಲಮಟ್ಟಿಯಲ್ಲಿ ನೀರು ನಿಲ್ಲುವ ಮೀಟರ್ ಮಟ್ಟ. ಅದರ ಕೆಳಗಿನ ಮನೆ ಹೋಯಿತು, ಮೇಲಿನ ಮನೆ ಉಳಿಯಿತು. ಅದನ್ನು 524.256ಕ್ಕೆ ಏರಿಸುವ ಯೋಜನೆ ಇರುವುದರಿಂದ ಇನ್ನೂ ಎಷ್ಟೋ ಊರುಗಳು ಆ ಎರಡನೆಯ ಅಂಕಿಯನ್ನು ನೋಡುತ್ತ ಕುಳಿತಿವೆ. ಬೋಡಿಯ ಅಂಕಿ 20.67. ಒಂದು ಔನ್ಸ್ ಚಿನ್ನಕ್ಕೆ ಅಮೆರಿಕ ಸರ್ಕಾರ ಕಟ್ಟಿದ್ದ ಬೆಲೆ ಅಷ್ಟು ಡಾಲರ್. 1834ರಿಂದ 1933ರವರೆಗೆ, ಹೆಚ್ಚುಕಡಿಮೆ ನೂರು ವರ್ಷ, ಆ ಬೆಲೆ ಕದಲಲಿಲ್ಲ. ಬೆಳಗಾದರೆ ದರ ನೋಡುವ ನಮಗೆ ಇದನ್ನು ನಂಬುವುದು ಕಷ್ಟ.

ಲೆಕ್ಕ ಸುಲಭವಾಗಲೆಂದು ಹೀಗೆ ಇಟ್ಟುಕೊಳ್ಳಿ. ಒಂದು ಟನ್ ಕಲ್ಲಿನಲ್ಲಿ ಅರ್ಧ ಔನ್ಸ್ ಚಿನ್ನವಿದೆ, ಅಂದರೆ ಹದಿನೈದೂವರೆ ಗ್ರಾಂ. ಮಾರಿದರೆ ಹತ್ತು ಡಾಲರ್ ಚಿಲ್ಲರೆ. ಅದನ್ನು ಅಗೆದು, ಮೇಲೆತ್ತಿ, ಕುಟ್ಟಿ, ತೊಳೆಯುವ ಖರ್ಚು ಏಳು ಡಾಲರ್ ಆದರೆ ಅದು ಅದಿರು. ಖರ್ಚು ಹನ್ನೊಂದಾದರೆ ಅದೇ ಕಲ್ಲು, ಅದೇ ಚಿನ್ನ, ಆದರೆ ಅದು ಅದಿರಲ್ಲ, ಬರೀ ಕಲ್ಲು. ಎಳೆ ಮೇಲ್ಭಾಗದಲ್ಲಿ ಸಮೃದ್ಧವಾಗಿತ್ತು. ಆಳಕ್ಕೆ ಇಳಿದಷ್ಟೂ ಟನ್ನಿಗೆ ಸಿಗುವ ಚಿನ್ನ ಕಡಿಮೆ. ಖರ್ಚು ಮಾತ್ರ ಉಲ್ಟಾ. ಆಳ ಹೆಚ್ಚಿದರೆ ನೀರು ಬಸಿಯುತ್ತದೆ, ಹಗಲಿರುಳು ಪಂಪು ಬೇಕು. ಸುರಂಗಕ್ಕೆ ಕಟ್ಟಿಗೆಯ ಆಸರೆ ಬೇಕು. ಗಣಿಯವನ ದಿನದ ಪಗಾರ ನಾಲ್ಕು ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಐದು ಜನರ ಒಂದು ದಿನದ ಪಗಾರಕ್ಕೆ ಒಂದು ಔನ್ಸ್ ಚಿನ್ನ ಹೋಯಿತೆಂದೇ ಲೆಕ್ಕ.

ಈಗ ಅವ್ವನ ಬೋಳುಗುಡ್ಡಕ್ಕೆ ಬರೋಣ. ಆಸರೆಗೆ ಕಟ್ಟಿಗೆ, ಬಾಯ್ಲರಿಗೆ ಸೌದೆ, ಹಿಮ ಆಳೆತ್ತರ ಬೀಳುವ ಚಳಿಗಾಲದಲ್ಲಿ ಪ್ರತಿ ಮನೆಯ ಒಲೆಗೂ ಸೌದೆ. ಹತ್ತಿರದಲ್ಲಿ ಕಾಡಿಲ್ಲ. ಮೋನೊ ಸರೋವರದ ಆಚೆಯಿಂದ ಮರ ತರಲೆಂದೇ 1881ರಲ್ಲಿ 32 ಮೈಲಿ ರೈಲುಹಳಿ ಹಾಕಿದರು. ಆ ರೈಲು ಬೇರೆ ಯಾವ ರೈಲುಮಾರ್ಗಕ್ಕೂ ಎಂದೂ ಕೂಡಲಿಲ್ಲ. ಕಾಡಿನಿಂದ ಗಣಿಗೆ, ಗಣಿಯಿಂದ ಕಾಡಿಗೆ, ಅಷ್ಟೇ. ಬಾಗಲಕೋಟೆಯಿಂದ ಕುಡಚಿಗೆ ಹೋಗಬೇಕಾದ ರೈಲು ಲೈನಿಗಾಗಿ ಕಾಯುತ್ತ ಮುದುಕರಾದ ನಮ್ಮಂಥವರಿಗೆ ಇದರ ತಮಾಷೆ ಗೊತ್ತಾಗುತ್ತದೆ. ರೈಲು ಬಂದ ವರ್ಷವೇ ಜನ ಊರು ಬಿಡತೊಡಗಿದ್ದರು. ಹೊಸ ಚಿನ್ನದ ಸುದ್ದಿ ಬೇರೆ ಕಡೆಯಿಂದ ಬಂದಿತ್ತು.

ಖರ್ಚು ಇಳಿಸುವ ಹಟ ಕೆಲವೊಮ್ಮೆ ಒಳ್ಳೆಯದನ್ನೂ ಹುಟ್ಟಿಸುತ್ತದೆ. ಸೌದೆಯ ಖರ್ಚಿಗೆ ಬೇಸತ್ತ ಸ್ಟ್ಯಾಂಡರ್ಡ್ ಕಂಪನಿ 1892-93ರಲ್ಲಿ 13 ಮೈಲಿ ದೂರದ ಗ್ರೀನ್ ಕ್ರೀಕ್ ಎಂಬ ಹೊಳೆಯಲ್ಲಿ ವಿದ್ಯುತ್ ಮಾಡಿ ತಂತಿಯಲ್ಲಿ ಗಿರಣಿಗೆ ತಂದಿತು. ಅಷ್ಟು ದೂರ ವಿದ್ಯುತ್ ಒಯ್ದ ಮೊದಮೊದಲ ಪ್ರಯೋಗಗಳಲ್ಲಿ ಅದೂ ಒಂದು. ತಿರುವಿನಲ್ಲಿ ಕರೆಂಟು ಜಿಗಿದು ಹೋದೀತೆಂದು ಹೆದರಿ ಕಂಬಗಳನ್ನು ನೆಟ್ಟಗೆ ಒಂದೇ ಗೆರೆಯಲ್ಲಿ ನಿಲ್ಲಿಸಿದ್ದರಂತೆ, ನಿಜವೋ ಕಥೆಯೋ. ಹತ್ತು ವರ್ಷವಾಗುವುದರೊಳಗೆ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಗಣಿಗೆ ವಿದ್ಯುತ್ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ. ಚಿನ್ನದಾಸೆಯವರ ಬೆನ್ನಿಗೆ ಇಂಥವೆಷ್ಟೋ ಬಂದಿವೆ. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು ಆ ಬಂಡೆಯ ಮೇಲಿನ ಹೆಸರಿನಿಂದ.

ಇಷ್ಟಾದರೂ ಲೆಕ್ಕ ನಿಲ್ಲಲಿಲ್ಲ. ಸ್ಟ್ಯಾಂಡರ್ಡ್ ಗಣಿ 1913ರಲ್ಲಿ ಮುಚ್ಚಿತು. 1917ರಲ್ಲಿ ರೈಲು ಹೋಯಿತು. 1932ರಲ್ಲಿ ದೊಡ್ಡ ಬೆಂಕಿ ಬಿದ್ದು ಪೇಟೆಯ ಬಹುಭಾಗ ಸುಟ್ಟಿತು. ಬೆಂಕಿಕಡ್ಡಿ ಗೀರಿದ್ದು ಒಬ್ಬ ಚಿಕ್ಕ ಹುಡುಗ ಅಂತ ಹೇಳುತ್ತಾರೆ. 1934ರಲ್ಲಿ ಚಿನ್ನದ ಬೆಲೆ 35 ಡಾಲರಿಗೆ ಏರಿದಾಗ ನಿನ್ನೆಯವರೆಗೆ ಬರೀ ಕಲ್ಲಾಗಿದ್ದದ್ದು ರಾತ್ರೋರಾತ್ರಿ ಮತ್ತೆ ಅದಿರಾಯಿತು, ಹಳೆಯ ಕೊಚ್ಚೆಗುಡ್ಡಗಳನ್ನು ಮತ್ತೊಮ್ಮೆ ಸೈನೈಡಿಗೆ ಹಾಕಿದರು. 1942ರ ಅಕ್ಟೋಬರಿನಲ್ಲಿ, ಯುದ್ಧಕ್ಕೆ ತಾಮ್ರ ಬೇಕು, ಚಿನ್ನ ಬೇಡ ಅಂತ ಸರ್ಕಾರ ಚಿನ್ನದ ಗಣಿಗಳನ್ನು ಮುಚ್ಚಿಸಿತು. ಅದೇ ವರ್ಷ ಅಂಚೆ ಕಚೇರಿಯೂ ಮುಚ್ಚಿತು. ಊರು ಸತ್ತದ್ದು ಯಾವಾಗ ಎಂದು ಕೇಳಿದರೆ ನಾನು ಅಂಚೆಯ ವರ್ಷವನ್ನೇ ಹೇಳುತ್ತೇನೆ. ಕಾಗದ ಬರದ ಊರು ಬೇಚರಾಕೇ.

"ಅದೆಲ್ಲಾ ಆತು, ಬಾಗಲಾ ಯಾಕ ಬಿಟ್ರು ಹೇಳಲಾ?" ಅವ್ವನ ಎರಡನೆಯ ಪ್ರಶ್ನೆ ಬಾಕಿಯೇ ಇತ್ತು.

ನಮ್ಮ ಹಳೆಯ ಮನೆಯಿಂದ ನವನಗರಕ್ಕೆ ಟ್ರ್ಯಾಕ್ಟರಿನಲ್ಲಿ ಅರ್ಧ ಗಂಟೆಯ ದಾರಿ. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಹೊರಟವರು. ಎಲ್ಲಿಗೆ ಹೋಗಬೇಕು ಗೊತ್ತಿತ್ತು, ಅಲ್ಲಿ ಮನೆ ಕಟ್ಟುವುದಿತ್ತು, ಸಾಗವಾನಿಗೆ ಬೆಲೆಯಿತ್ತು. ಬಿಟ್ಟದ್ದು ನೀರಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಬಿಚ್ಚದವನು ದಡ್ಡ. ಬೋಡಿಯವನದು ಬೇರೆ ಲೆಕ್ಕ. ಮುಂದೆ ಕೆಲಸ ಸಿಗುವ ಊರಿಗೆ ಗುಡ್ಡ ಇಳಿದು ಬಲುದೂರ. ಕುದುರೆ ಗಾಡಿಯ ಬಾಡಿಗೆ ಮೇಜು, ಮಂಚದ ಬೆಲೆಗಿಂತ ಹೆಚ್ಚು. ಸಾಗಿಸಿದರೂ ಅಲ್ಲಿ ಹೊಸ ಮೇಜು ಅಗ್ಗಕ್ಕೆ ಸಿಗುತ್ತಿತ್ತು. ಮಾರೋಣವೆಂದರೆ ಕೊಳ್ಳುವವನೂ ಊರು ಬಿಡುವವನೇ. ಹಾಗಾಗಿ ಗಂಟು ಕಟ್ಟಿಕೊಳ್ಳುವಷ್ಟನ್ನು ಕಟ್ಟಿಕೊಂಡು, ಉಳಿದದ್ದನ್ನು ಇದ್ದಲ್ಲೇ ಬಿಟ್ಟು ನಡೆದರು. ಕೆಲವರು ಮತ್ತೆ ಬರುತ್ತೇವೆ ಅಂದುಕೊಂಡೇ ಹೋದರು, ಬೆಲೆ ಏರಿದರೆ ಗಣಿ ತೆರೆಯುತ್ತದಲ್ಲ.

ಹಾಗಾದರೆ ಕಳ್ಳರು ಯಾಕೆ ಒಯ್ಯಲಿಲ್ಲ? ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತೇವೆ. ಬೋಡಿಯಲ್ಲಿ ಆ ಗೌಡನ ಹೆಸರು ಜೇಮ್ಸ್ ಸ್ಟುವರ್ಟ್ ಕೇನ್. ಯುವಕನಾಗಿ ಬಂದು ಕಟ್ಟಿಗೆ ವ್ಯಾಪಾರ ಮಾಡಿ, ಬ್ಯಾಂಕಿನ ಒಡೆಯನಾಗಿ, ಜನ ಬಿಟ್ಟುಹೋದಂತೆ ಜಾಗಗಳನ್ನು ಕೊಳ್ಳುತ್ತ ಊರಿನ ಬಹುಪಾಲು ತನ್ನದಾಗಿಸಿಕೊಂಡ. ಅವನ ಮನೆಯವರು ಖಾಲಿ ಊರಿಗೆ ಪಗಾರ ಕೊಟ್ಟು ಕಾವಲುಗಾರರನ್ನು ಇಟ್ಟರು. 1962ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಉದ್ಯಾನವಾಗಿ ವಹಿಸಿಕೊಂಡಿತು. ಅಲ್ಲಿಯ ಒಣಹವೆ, ಚಳಿ ಕೂಡ ಕಾವಲು ಕಾದವು. ನಮ್ಮ ಮಳೆ, ನಮ್ಮ ಗೆದ್ದಲು ಅಲ್ಲಿದ್ದರೆ ಇಪ್ಪತ್ತು ವರ್ಷವೂ ನಿಲ್ಲುತ್ತಿರಲಿಲ್ಲ.

ಈಗ ಉಳಿದಿರುವುದು ನೂರಕ್ಕೂ ಹೆಚ್ಚು ಕಟ್ಟಡಗಳು, ಒಟ್ಟು ಊರಿನ ಚಿಕ್ಕ ಪಾಲು. ಅವರ ನಿಯಮ ವಿಚಿತ್ರವಾಗಿದೆ: ಬೀಳಲು ಬಿಡುವುದಿಲ್ಲ, ಹೊಸದಾಗಿಸುವುದೂ ಇಲ್ಲ. ಸೋರುವ ಮಾಡು ಸರಿಮಾಡುತ್ತಾರೆ, ವಾಲಿದ ಗೋಡೆಗೆ ಆಸರೆ ಕೊಡುತ್ತಾರೆ, ಆದರೆ ಬಣ್ಣ ಹಚ್ಚುವುದಿಲ್ಲ. ಒಳಗಿನ ಧೂಳನ್ನೂ ಮುಟ್ಟುವುದಿಲ್ಲ. ಗಣಿಯ ಬಾಯಿಗಳ ಕಡೆಗೆ ಯಾರನ್ನೂ ಬಿಡುವುದಿಲ್ಲ. ಗಿರಣಿಗೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಇದು ಅತಿಯಾಯಿತು ಅನ್ನಿಸಬಹುದು, ಆದರೆ ಹಳೆಯ ಗಣಿ ಹಾಳುಬಾವಿಗಿಂತ ಕೆಟ್ಟದ್ದು. ಮೇಲಿನ ಹಲಗೆ ಕೊಳೆತದ್ದು ಕಾಲಿಟ್ಟಾಗಲೇ ತಿಳಿಯುವುದು, ಕೆಳಗೆ ಆಮ್ಲಜನಕವಿಲ್ಲದ ಗಾಳಿ ಮಡುಗಟ್ಟಿರುತ್ತದೆ. ಕಪ್ಪತಗುಡ್ಡದಲ್ಲೂ ಹಳೆಯ ಕಾಲದ ಚಿನ್ನದ ಗುಂಡಿಗಳಿವೆ. ಈಗ ಅದು ವನ್ಯಜೀವಿ ಧಾಮ. ಅಲ್ಲಿಗೆ ಹೋದವರು ಬಗ್ಗಿ ನೋಡುವ ಆಸೆ ಬಿಡುವುದು ಒಳ್ಳೆಯದು.

ಗಣಿ ಮುಚ್ಚಿದ ಊರೆಲ್ಲ ಹೀಗಾಗುತ್ತದೆಂದಲ್ಲ. ಕೆಜಿಎಫ್‌ನ ಗಣಿ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕಿಳಿದು, ಟನ್ನಿಗೆ ಹತ್ತಾರು ಗ್ರಾಂ ಇದ್ದದ್ದು ಕೆಲವೇ ಗ್ರಾಮಿಗೆ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿತು. ಕಾರಣ ಬೋಡಿಯದೇ. ಆದರೆ ಹತ್ತು ವರ್ಷದ ನಂತರದ ಜನಗಣತಿಯಲ್ಲೂ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. ಯಾಕೆಂದರೆ ರೈಲು ಇತ್ತು, ಅದು ಬೇರೆ ರೈಲುಗಳಿಗೆ ಕೂಡಿಕೊಂಡಿತ್ತು. ಕತ್ತಲಿರುವಾಗಲೇ ಎದ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಸಾವಿರಾರು ಜನ ಆ ಊರಿನ ದೀಪ ಆರಲು ಬಿಟ್ಟಿಲ್ಲ. ಹಳೇ ಬಾಗಲಕೋಟೆಯೂ ಪೂರ್ತಿ ಹೋಗಲಿಲ್ಲ. ನೀರು ಓಣಿಗಳನ್ನು ನುಂಗಿತು, ಪೇಟೆ ಉಳಿಯಿತು. ಸಂತೆಗೆ, ಸೀರೆಗೆ, ಹೋಳಿಗೆ ನಾವು ಅಲ್ಲಿಗೇ ಹೋಗುತ್ತೇವೆ.

ಅವ್ವ ಇಷ್ಟು ಹೊತ್ತೂ ತಾಟು, ಬಟ್ಟಲಿನ ಫೋಟೊ ಹಿಡಿದೇ ಕುಳಿತಿದ್ದಳು. "ಒಂದು ಮೊಳಿನಾದ್ರೂ ತಂದಿಯೇನ?" ಎಂದು ಮೊಮ್ಮಗಳನ್ನು ಕೇಳಿದಳು.

"ತರಂಗಿಲ್ಲ ಆಯಿ, ಅಪರಾಧ ಅದು. ತಂದವರಿಗೆ ಕೇಡು ಆಗ್ತದಂತ. ಎಷ್ಟೋ ಮಂದಿ ತಪ್ಪಾತು ಅಂತ ಕಾಗದ ಬರದು, ತಂದ ಮೊಳಿ, ಗಾಜಿನ ಚೂರು ವಾಪಸ್ ಪೋಸ್ಟಿಗೆ ಹಾಕ್ತಾರ." ಹೆದರಿಕೆ ಹುಟ್ಟಿಸಲು ಕಾವಲಿನವರೇ ಕಟ್ಟಿದ ಕಥೆ ಅದು ಎನ್ನುವವರೂ ಇದ್ದಾರೆ ಎಂದು ನಾನು ಸೇರಿಸಿದೆ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಮತ್ತ ಆ ತಾಟು ಯಾರೂ ತೊಳ್ಯಾಂಗಿಲ್ಲ?"

"ಇಲ್ಲ."

ಫೋನು ಮೊಮ್ಮಗಳ ಕೈಗಿಟ್ಟಳು. ಹೊರಗೆ ಎರಡು ಗಂಟೆಯ ಬಿಸಿಲು. ಹಳೆಯ ಮನೆಯಿಂದ ತಂದ ಆ ಸಾಗವಾನಿ ಬಾಗಿಲು, ಹೊಸ ಚೌಕಟ್ಟಿಗೆ ಎಂದೂ ಸರಿಯಾಗಿ ಕೂಡದ್ದು, ಗಾಳಿಗೆ ಕಿರ್ರೆನ್ನುತ್ತಿತ್ತು. "ಬಾಗಲಾ ಮುಂದ ಮಾಡವಾ, ಝಳಾ ಬರಾಕತ್ತೈತಿ" ಅಂದಳು.